ಆಡಿದ ಮಾತು ಕಡತ ಸೇರುವಂತೆ: ಬೆಂಗಳೂರಿನಲ್ಲಿ ಸೂರಿನ ಹಕ್ಕು ಕೇಳುವವರಿಗೆ ಕೈಪಿಡಿ

ಸರ್ಕಾರಿ ಕಚೇರಿಯ ಟಪಾಲು ವಿಭಾಗವೆಂದರೆ ಸಾಮಾನ್ಯವಾಗಿ ಮೆಟ್ಟಿಲ ಪಕ್ಕದ ಒಂದು ಮೇಜು, ಅದರ ಮೇಲೆ ಉದ್ದನೆಯ ವಹಿ, ಒಂದು ರಬ್ಬರ್ ಮೊಹರು ಮತ್ತು ಒಣಗುತ್ತಾ ಬಂದ ಇಂಕ್ ಪ್ಯಾಡು. ಕೆಲವು ವರ್ಷಗಳ ಹಿಂದೆ ಅಂಥದೊಂದು ಮೇಜಿನ ಮುಂದೆ, ತೆರವಿನ ಭಯದಲ್ಲಿದ್ದ ಒಂದು ಕೇರಿಯ ಹೆಂಗಸರ ಜೊತೆ ನಾನು ನಿಂತಿದ್ದೆ. ಅದಕ್ಕೂ ಮೊದಲು ಅವರು ಮೂರು ಸಲ ಅದೇ ಕಚೇರಿಗೆ ಬಂದು ಅತ್ತು, ಬೇಡಿ, ಒಮ್ಮೆ ಜಗಳವನ್ನೂ ಆಡಿ ಹೋಗಿದ್ದರು, ಮತ್ತು ಮೂರು ಸಲವೂ "ಆಯ್ತಮ್ಮ, ನೋಡೋಣ" ಎಂಬ ಉತ್ತರ ಪಡೆದಿದ್ದರು. ನಾಲ್ಕನೆಯ ಸಲ ಹೋಗುವಷ್ಟರಲ್ಲಿ ಅಧಿಕಾರಿ ವರ್ಗವಾಗಿ ಹೊಸಬರು ಬಂದಿದ್ದರು. ಅವರು ಕಡತ ತರಿಸಿ ನೋಡಿ, ಈ ಕೇರಿಯಿಂದ ಒಂದು ಆಕ್ಷೇಪಣೆಯೂ ಬಂದಿಲ್ಲವಲ್ಲ ಎಂದರು. ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಆ ದಿನ ಒಂದು ಪುಟದ ಮನವಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಹೊರಬಂದಾಗ ಗುಂಪಿನ ಹಿರಿಯಾಕೆ ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇಷ್ಟಕ್ಕೆ ಮೂರು ತಿಂಗಳು ತಿರುಗಿದ್ವಲ್ಲಪ್ಪ" ಎಂದರು.

ಬೆಂಗಳೂರಿನಲ್ಲಿ ಸೂರಿಲ್ಲದವರೂ ಕೇರಿಗಳಲ್ಲಿ ಇರುವವರೂ ಬಾಡಿಗೆಯವರೂ ಬಾಯಿಬಿಡುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಅವರು ಮಾತನಾಡುತ್ತಲೇ ಇರುತ್ತಾರೆ, ಆದರೆ ಆಡಿದ ಮಾತು ಕಡತ ಸೇರುವುದಿಲ್ಲ. ಮಾತನ್ನು ಹೇಗೆ ಆಡಬೇಕು, ಯಾರ ಮುಂದೆ ಆಡಬೇಕು, ಆಡಿದ್ದನ್ನು ನಂಬರು ಬಿದ್ದ ಕಾಗದವಾಗಿಸುವುದು ಹೇಗೆ ಎಂಬುದನ್ನು ಈ ಕೈಪಿಡಿ ಹೇಳುತ್ತದೆ.

ಮೊದಲು ಜಾಗ ಯಾರದೆಂದು ತಿಳಿಯಿರಿ

ಕೇರಿಯ ಸಭೆಗಳಲ್ಲಿ ಅತಿ ಹೆಚ್ಚು ಸಮಯ ಹಾಳಾಗುವುದು ತಪ್ಪು ಬಾಗಿಲು ತಟ್ಟುವುದರಲ್ಲಿ. ನೀವು ವಾಸವಿರುವ ನೆಲ ಕಂದಾಯ ಇಲಾಖೆಯ ಗೋಮಾಳವೋ (ದನ ಮೇಯಲು ಬಿಟ್ಟ ನೆಲ) ಖರಾಬೋ (ಸಾಗುವಳಿಗೆ ಬಾರದ ನೆಲ), ಪಾಲಿಕೆಯ ಸ್ವತ್ತೋ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ವಶಪಡಿಸಿಕೊಂಡದ್ದೋ, ರೈಲ್ವೆಯದೋ, ರಾಜಕಾಲುವೆಯ ಅಂಚೋ, ಖಾಸಗಿಯವರದೋ ಎಂಬುದರ ಮೇಲೆ ಯಾವ ಕಾಯ್ದೆ ಅನ್ವಯಿಸುತ್ತದೆ, ಯಾವ ಅಧಿಕಾರಿಗೆ ಬರೆಯಬೇಕು, ಎಷ್ಟು ಕಾಲಾವಕಾಶ ಸಿಗಬಹುದು ಎಂಬುದೆಲ್ಲ ನಿಂತಿರುತ್ತದೆ. ರಾಜ್ಯ ಸರ್ಕಾರದ ಮತ್ತು ಅದರ ಸಂಸ್ಥೆಗಳ ಜಾಗವಾದರೆ ಸಾಮಾನ್ಯವಾಗಿ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ತೆರವಿನ ನೋಟಿಸು ಬರುತ್ತದೆ. ರೈಲ್ವೆ ಜಾಗಕ್ಕೆ ಕೇಂದ್ರದ 1971ರ ಕಾಯ್ದೆ ಇದೆ, ಅಲ್ಲಿ ಪಾಲಿಕೆಯ ಆಯುಕ್ತರ ಬಾಗಿಲಲ್ಲಿ ಎಷ್ಟು ದಿನ ಕುಳಿತರೂ ಪ್ರಯೋಜನವಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು, ಅಂದರೆ ಜಮೀನಿನ ದಾಖಲೆಯನ್ನು, ಸರ್ಕಾರದ ಭೂಮಿ ಜಾಲತಾಣದಲ್ಲಿ ನೋಡಬಹುದು. ಗೊತ್ತಿಲ್ಲದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು, ಜನ ಇಂದಿಗೂ ಕರೆಯುವಂತೆ ಶಾನುಭೋಗರನ್ನು, ಕೇಳುವುದು ಹತ್ತಿರದ ದಾರಿ.

ಪಾಲಿಕೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಪ್ರಕಾರ 2025ರ ಸೆಪ್ಟೆಂಬರ್‌ನಿಂದ ನಗರದ ಹಳೆಯ ಪಾಲಿಕೆಯಾದ ಬಿಬಿಎಂಪಿ ಇಲ್ಲ. ಅದರ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳಿದ್ದು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಹಳೆಯ ಅರ್ಜಿಗಳಲ್ಲಿ ಬಿಬಿಎಂಪಿ ಆಯುಕ್ತರೆಂದು ಬರೆದಿದ್ದರೆ ಅವನ್ನು ಉಲ್ಲೇಖಿಸಿ ಈಗಿನ ಪಾಲಿಕೆಯ ಆಯುಕ್ತರಿಗೆ ಹೊಸ ಮನವಿ ಕೊಡುವುದು ಒಳ್ಳೆಯದು.

ನಿಮ್ಮ ಕೇರಿ ಘೋಷಿತವೋ ಅಘೋಷಿತವೋ ಎಂಬುದೂ ಮುಖ್ಯ. 1973ರ ಕರ್ನಾಟಕ ಕೊಳಗೇರಿ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನ ಕಾಯ್ದೆಯ 3ನೇ ಕಲಮಿನಡಿ ಘೋಷಣೆಯಾದ ಪ್ರದೇಶಕ್ಕೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ಹೊಣೆ ಅಂಟಿಕೊಳ್ಳುತ್ತದೆ. ಮೂಲಸೌಕರ್ಯ, ಮನೆ, ಮುಂದೆ ಹಕ್ಕುಪತ್ರ, ಎಲ್ಲದಕ್ಕೂ ಆ ಘೋಷಣೆಯೇ ಬುನಾದಿ. "ಕೊಳಗೇರಿ" ಎಂಬ ಪದವೇ ಅವಮಾನವೆಂದು ಅಲ್ಲಿನ ಜನ ಹೇಳುತ್ತಾರೆ, ಅದು ಸರಿಯಾದ ಆಕ್ಷೇಪ. ಆದರೂ ಅರ್ಜಿಯಲ್ಲಿ ಕಾಯ್ದೆಯ ಪದವನ್ನೇ ಬಳಸಿರಿ, ಏಕೆಂದರೆ ಗುಮಾಸ್ತರು ಆ ಪದವನ್ನು ನೋಡಿಯೇ ಯಾವ ಮೇಜಿಗೆ ಕಳಿಸಬೇಕೆಂದು ತೀರ್ಮಾನಿಸುತ್ತಾರೆ.

ಇದ್ದೇವೆ ಎಂಬುದಕ್ಕೆ ಕಾಗದ

1985ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬೊಂಬಾಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ, ಓಲ್ಗಾ ಟೆಲಿಸ್ ತೀರ್ಪು ಎಂದು ಎಲ್ಲರೂ ಕರೆಯುವ ಆ ತೀರ್ಪಿನಲ್ಲಿ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಭಾಷಣಗಳಲ್ಲಿ ಈ ಭಾಗವನ್ನಷ್ಟೇ ಉದ್ಧರಿಸುತ್ತಾರೆ. ಅದೇ ತೀರ್ಪು ತೆರವಿಗೆ ಕೊನೆಗೆ ಅನುಮತಿ ಕೊಟ್ಟಿತು, ಮತ್ತು 1976ರ ಗಣತಿಯ ಗುರುತಿನ ಚೀಟಿ ಇದ್ದವರಿಗೆ ಪರ್ಯಾಯ ಜಾಗ ಕೊಡಬೇಕೆಂದು ಹೇಳಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಒಂಬತ್ತು ವರ್ಷದ ಹಿಂದಿನ ಒಂದು ಚೀಟಿಯನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದವರಿಗೂ ಮಾಡದವರಿಗೂ ಆದ ವ್ಯತ್ಯಾಸವನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ.

ಹಾಗಾಗಿ ಮನೆಗೊಂದು ಪ್ಲಾಸ್ಟಿಕ್ ಚೀಲ ಮಾಡಿ. ಪಡಿತರ ಚೀಟಿ, ಮತದಾರರ ಚೀಟಿ, ಆಧಾರ್ ಎಲ್ಲರಿಗೂ ನೆನಪಾಗುತ್ತವೆ. ನೆನಪಾಗದೆ ಉಳಿಯುವುದು ಇನ್ನೂ ಗಟ್ಟಿಯಾದ ಸಾಕ್ಷ್ಯಗಳು: ಹೆರಿಗೆಗೆ ಮೊದಲು ಕೊಟ್ಟ ತಾಯಿ ಕಾರ್ಡು, ಮಗುವಿನ ಲಸಿಕೆಯ ಕಾರ್ಡು, ಅಂಗನವಾಡಿಯ ದಾಖಲೆ, ಶಾಲೆಯ ವರ್ಗಾವಣೆ ಪತ್ರ, ಗ್ಯಾಸ್ ಪುಸ್ತಕ, ಹಳೆಯ ಬೆಸ್ಕಾಂ ಬಿಲ್ಲು, ಸರ್ಕಾರಿ ಆಸ್ಪತ್ರೆಯ ಒಪಿಡಿ ಚೀಟಿ. ಇವುಗಳ ಬಲವೆಂದರೆ, ಯಾರೂ ಇವನ್ನು ಮನೆ ಕೇಳುವುದಕ್ಕಾಗಿ ಮಾಡಿಸಿಕೊಂಡಿರುವುದಿಲ್ಲ. ದಿನಾಂಕ ತನ್ನಷ್ಟಕ್ಕೆ ಬಿದ್ದಿರುತ್ತದೆ. ಎಲ್ಲವನ್ನೂ ಫೋಟೊ ತೆಗೆದು ಕೇರಿಯ ಹೊರಗಿನ ಒಬ್ಬ ಸಂಬಂಧಿಕರ ಫೋನಿಗೂ ಕಳಿಸಿಡಿ. ಜೆಸಿಬಿ ಬಂದ ದಿನ ಪೆಟ್ಟಿಗೆ ಹೊರತೆಗೆಯಲು ಸಮಯ ಸಿಗದೆ, ಕಾಗದಗಳೆಲ್ಲ ಇಟ್ಟಿಗೆಯ ಕೆಳಗೆ ಹೋದ ಮೇಲೆ, ನೀವು ಇಲ್ಲಿ ಇದ್ದಿರೆಂಬುದಕ್ಕೆ ಏನು ಆಧಾರವೆಂದು ಕೇಳುವವರಿಗೆ ಉತ್ತರವಿರುವುದಿಲ್ಲ.

ಗೋಡೆಯೇ ಇಲ್ಲದವರು, ಅಂದರೆ ಮಾರುಕಟ್ಟೆಯ ಜಗುಲಿ, ಮೇಲ್ಸೇತುವೆಯ ಕೆಳಗು, ಬಸ್ ನಿಲ್ದಾಣದ ಅಂಚಿನಲ್ಲಿ ಮಲಗುವವರು, ತಮಗೆ ವಿಳಾಸವೇ ಇಲ್ಲವೆಂದು ಕೈಚೆಲ್ಲುತ್ತಾರೆ. ಚುನಾವಣಾ ಆಯೋಗದ ನಿಯಮ ಇಲ್ಲಿ ಅಚ್ಚರಿ ಹುಟ್ಟಿಸುವಷ್ಟು ಉದಾರವಾಗಿದೆ. ಸೂರಿಲ್ಲದ ವ್ಯಕ್ತಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ ತಾನು ಮಲಗುವ ಜಾಗವನ್ನೇ ವಿಳಾಸವೆಂದು ಬರೆಯಬಹುದು. ವಿಳಾಸದ ಪುರಾವೆ ಬೇಕಿಲ್ಲ. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು ಆತ ನಿಜವಾಗಿ ಅಲ್ಲೇ ಮಲಗುತ್ತಾನೆಯೇ ಎಂದು ನೋಡಿಕೊಂಡು ಹೆಸರು ಸೇರಿಸಬೇಕು. ಅಧಿಕಾರಿ ರಾತ್ರಿ ಬರುವಂತೆ ಮಾಡುವುದೇ ನಿಜವಾದ ಕಷ್ಟ, ಆದ್ದರಿಂದ ಒಬ್ಬೊಬ್ಬರೇ ಅರ್ಜಿ ಹಾಕದೆ ಒಂದೇ ಜಾಗದ ಹತ್ತು ಮಂದಿ ಒಟ್ಟಿಗೆ ಹಾಕಿ, ಬರುವ ದಿನವನ್ನು ಬರವಣಿಗೆಯಲ್ಲಿ ಕೇಳುವುದು ಲೇಸು. ಜನಗಣತಿಯೂ ಇದೇ ಬಗೆಯ ಅವಕಾಶ. 2011ರಲ್ಲಿ ಫೆಬ್ರವರಿ 28ರ ರಾತ್ರಿ ಸೂರಿಲ್ಲದವರ ಎಣಿಕೆ ನಡೆದು ದೇಶದಲ್ಲಿ 17.7 ಲಕ್ಷ ಮಂದಿ ಲೆಕ್ಕಕ್ಕೆ ಸಿಕ್ಕಿದರು. ಮುಂದಿನ ಗಣತಿಗೆ ಗೊತ್ತುಪಡಿಸಿರುವ ದಿನ 2027ರ ಮಾರ್ಚ್ 1.

ಮನವಿ ಬರೆಯುವ ಬಗೆ

ಒಂದು ಪುಟ ಸಾಕು. "ತಮ್ಮ ಪಾದಾರವಿಂದಗಳಲ್ಲಿ" ಎಂದು ಶುರುವಾಗುವ, ನಾಲ್ಕು ಪುಟ ಬಡತನವನ್ನು ವರ್ಣಿಸುವ ಮನವಿಗಳನ್ನು ಬರೆದುಕೊಡುವವರು ಕಚೇರಿಗಳ ಹೊರಗೆ ಇದ್ದಾರೆ. ಅವರಿಗೆ ಕೊಡುವ ದುಡ್ಡನ್ನು ಝೆರಾಕ್ಸಿಗೆ ಇಟ್ಟುಕೊಳ್ಳಿ. ವಿಷಯದ ಸಾಲು ಸ್ಪಷ್ಟವಾಗಿರಲಿ, ಮುಂದಿನ ವಾಕ್ಯಗಳಲ್ಲಿ ಅಂಕಿ ಮತ್ತು ದಿನಾಂಕವಿರಲಿ. ಮಾದರಿಗೆ ಹೀಗೆ:

"ವಿಷಯ: ಮೇಲ್ಕಂಡ ಸರ್ವೆ ನಂಬರಿನ ಜಾಗದಲ್ಲಿ ವಾಸವಿರುವ 64 ಕುಟುಂಬಗಳಿಗೆ ಸಮೀಕ್ಷೆ ನಡೆಸದೆ, ಪರ್ಯಾಯ ವಸತಿ ಕಲ್ಪಿಸದೆ ತೆರವು ಮಾಡಬಾರದೆಂದು ಕೋರಿ.

ಮಾನ್ಯರೇ, ಕೆಳಗೆ ಸಹಿ ಮಾಡಿರುವ ನಾವು 2006ರಿಂದ ಈ ಜಾಗದಲ್ಲಿ ವಾಸವಿದ್ದೇವೆ. ಇದೇ ತಿಂಗಳ 12ರಂದು ತಮ್ಮ ಸಿಬ್ಬಂದಿ ಬಂದು ನಮ್ಮ ಗೋಡೆಗಳ ಮೇಲೆ ಸಂಖ್ಯೆ ಬರೆದು ಹೋಗಿರುತ್ತಾರೆ. ನಮಗೆ ಯಾವುದೇ ನೋಟಿಸು ನೀಡಿರುವುದಿಲ್ಲ. ಈ ಸಂಖ್ಯೆಗಳ ಉದ್ದೇಶವನ್ನು ಲಿಖಿತವಾಗಿ ತಿಳಿಸಬೇಕೆಂದೂ, ಯಾವುದೇ ಕ್ರಮಕ್ಕೆ ಮೊದಲು ನಮ್ಮ ಅಹವಾಲು ಆಲಿಸಬೇಕೆಂದೂ ಕೋರುತ್ತೇವೆ. ಲಗತ್ತು: ಕುಟುಂಬಗಳ ಪಟ್ಟಿ, ವಾಸದ ದಾಖಲೆಗಳ ಪ್ರತಿ."

ಹೆಬ್ಬೆಟ್ಟು ಒತ್ತುವವರ ಗುರುತಿನ ಪಕ್ಕದಲ್ಲಿ ಹೆಸರನ್ನೂ ಓದಿ ಹೇಳಿದವರ ಸಹಿಯನ್ನೂ ಹಾಕಿಸಿ. ಸಹಿ ಮಾಡುವ ಮೊದಲು ಇಡೀ ಮನವಿಯನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಬೇಕು, ಮತ್ತು ತಮಿಳು, ತೆಲುಗು, ಉರ್ದು ಮನೆಮಾತಿನವರಿಗೆ ಅವರವರ ಭಾಷೆಯಲ್ಲಿ ಹೇಳಬೇಕು. ವಿಚಾರಣೆಯಲ್ಲಿ ಅಧಿಕಾರಿ "ಇದರಲ್ಲಿ ಏನು ಬರೆದಿದೆ ಹೇಳಮ್ಮ" ಎಂದಾಗ ಆಕೆ ಬೆಬ್ಬಳಿಸಿದರೆ ಯಾರೋ ಹೊರಗಿನವರು ಆಡಿಸುತ್ತಿದ್ದಾರೆ ಎಂಬ ಮಾತಿಗೆ ಎಡೆಯಾಗುತ್ತದೆ.

ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅಲ್ಲೇ ವಾದಿಸುತ್ತಾ ನಿಲ್ಲಬೇಡಿ. ಅದೇ ದಿನ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ, ಜೊತೆಗೆ 1902 ಸಂಖ್ಯೆಗೆ ಕರೆ ಮಾಡಿ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಬರೆದುಕೊಳ್ಳಿ. ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕುವ ಕಾಲ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಇದು ಗೊತ್ತಿಲ್ಲದೆ ಉದ್ದನೆಯ ಅರ್ಜಿ ಕೊಟ್ಟು ವಾಪಸು ಪಡೆದವರನ್ನು ನಾನು ಬಹಳ ನೋಡಿದ್ದೇನೆ. "ಏಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಬಾರದು. "ಇಂಥ ಸ್ವೀಕೃತಿ ಸಂಖ್ಯೆಯ ಮನವಿಯ ಮೇಲೆ ಈವರೆಗೆ ಬರೆದಿರುವ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಬೇಕು. ಕಡತದಲ್ಲಿ ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆಯುವ ಈ ಟಿಪ್ಪಣಿ ಹಾಳೆ ಖಾಲಿಯಿದ್ದರೆ ಆ ಖಾಲಿ ಹಾಳೆಯೇ ಹೈಕೋರ್ಟಿನಲ್ಲಿ ಮಾತನಾಡುತ್ತದೆ.

ಬಾಯಲ್ಲಿ ಹೇಳುವಾಗ

ಯಾರ ಮನೆಯ ಮಾತೋ ಅವರೇ ಆಡಬೇಕು. ಸಂಘಟನೆಯ ಮುಖಂಡರು, ವಕೀಲರು, ನನ್ನಂಥ ಅರ್ಜಿ ಬರೆಯುವವರು ಪಕ್ಕದಲ್ಲಿ ಕುಳಿತು ಕಾಗದ ಎತ್ತಿಕೊಡಬಹುದು, ಅಷ್ಟೇ. ಆದರೆ ಮನೆಯಲ್ಲಿ ಚೆನ್ನಾಗಿ ಮಾತನಾಡುವವರು ಸಭಾಂಗಣದ ಮೈಕಿನ ಮುಂದೆ ಒದ್ದಾಡುತ್ತಾರೆ, ಹಾಗಾಗಿ ಹಿಂದಿನ ಸಂಜೆ ಕೇರಿಯಲ್ಲೇ ಅಭ್ಯಾಸ ನಡೆಯಲಿ: ಒಬ್ಬರು ಅಧಿಕಾರಿಯಾಗಿ ಕುರ್ಚಿಯಲ್ಲಿ ಕುಳಿತು, ನಡುವೆ ಫೋನು ತೆಗೆದು, ಆಕಳಿಸಿ, "ಬೇಗ ಹೇಳಿ" ಎಂದು ಗದರಲಿ. ಈ ಆಟದಲ್ಲಿ ಮಕ್ಕಳು ಅಧಿಕಾರಿಯ ಪಾತ್ರವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ನಾನು ಹೇಳಿಕೊಡುವುದು ಮೂರು ಮಾತುಗಳನ್ನು. ಯಾರು, ಎಂದಿನಿಂದ ಇದ್ದೇನೆ; ಯಾವ ದಿನ ಏನಾಯಿತು; ಯಾರಿಂದ, ಯಾವ ತಾರೀಕಿನೊಳಗೆ, ಏನು ಬೇಕು. "ಸಾರ್, ನಾನು ಇಪ್ಪತ್ತು ವರ್ಷದಿಂದ ಈ ಕೇರೀಲಿದೀನಿ, ಮೂರು ಮನೆ ಪಾತ್ರೆ ತೊಳೀತೀನಿ. ಹೋದ ತಿಂಗಳು ಹನ್ನೆರಡನೇ ತಾರೀಕು ಗೋಡೆ ಮೇಲೆ ನಂಬರ್ ಬರೆದ್ರು, ಒಂದು ಚೀಟೀನೂ ಕೊಡ್ಲಿಲ್ಲ. ಅದು ಯಾತಕ್ಕೆ ಅಂತ ಈ ಶನಿವಾರದೊಳಗೆ ಬರವಣಿಗೇಲಿ ಕೊಡಿ." ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಕಣ್ಣೀರು ಬಂದರೆ ಬರಲಿ, ಅದಕ್ಕೆ ಯಾರೂ ನಾಚಬೇಕಿಲ್ಲ. ಆದರೆ ಮೂರನೆಯ ಮಾತು ಹೇಳುವವರೆಗೆ ಮೈಕು ಬಿಡಬಾರದು. ಭಾಷೆಯನ್ನು ತಿದ್ದಬೇಡಿ. ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ನೀಲಿ ತಾಡಪಾಲಿನ ಶೆಡ್ಡುಗಳಲ್ಲಿ ಇರುವವರು ತಮ್ಮೂರಿನ ಮಾತಿನಲ್ಲೇ ಹೇಳಲಿ. ಅವರನ್ನು ಹೊರದೇಶದವರೆಂದು ಹೀಗಳೆಯುವುದು ಈ ಊರಿನಲ್ಲಿ ನಡೆದಿದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರೆಂಬ ಆರೋಪದ ಮೇಲೆ ಶೆಡ್ಡುಗಳನ್ನು ಕೆಡವಿದಾಗ, ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು, ಮತ್ತು ಕೆಲವೇ ದಿನಗಳಲ್ಲಿ ಹೈಕೋರ್ಟು ತಡೆಯಾಜ್ಞೆ ನೀಡಿತು.

ಸಭೆ ಮುಗಿದ ಮೇಲೆ ನಡಾವಳಿಯ, ಅಂದರೆ ಸಭೆಯ ವರದಿಯ, ಪ್ರತಿ ಕೇಳಿ. ಅದು ಸಿಗದಿದ್ದರೆ ಮರುದಿನವೇ "ನಿನ್ನೆಯ ಸಭೆಯಲ್ಲಿ ತಾವು ಹೀಗೆ ಭರವಸೆ ನೀಡಿರುತ್ತೀರಿ" ಎಂದು ಪತ್ರ ಬರೆದು ಟಪಾಲಿನಲ್ಲಿ ಕೊಡಿ. ಬಾಯಿಮಾತು ಕಡತ ಸೇರುವ ಸುಲಭದ ದಾರಿ ಇದೇ.

ಧರಣಿ ಕೂರುವುದಾದರೆ, 2021ರ ಪೊಲೀಸ್ ಆದೇಶದ ನಂತರ ನಗರದಲ್ಲಿ ಪ್ರತಿಭಟನೆಗೆ ಉಳಿದಿರುವುದು ಹಳೆಯ ಸೆಂಟ್ರಲ್ ಜೈಲಿನ ಜಾಗವಾದ ಫ್ರೀಡಂ ಪಾರ್ಕ್ ಮಾತ್ರ, ಅದಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ಮನೆ ಕಳೆದುಕೊಳ್ಳುವ ಜಾಗ ಒಂದು ಕಡೆ, ಕೂಗುವ ಜಾಗ ಇನ್ನೊಂದು ಕಡೆ ಎಂಬ ಈ ವ್ಯವಸ್ಥೆ ನನಗೆ ಸರಿಕಾಣುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಅಲ್ಲಿಂದ ಏನಾದರೂ ದಕ್ಕಬೇಕಾದರೆ, ಇಲಾಖೆಯ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು ಮನವಿ ಸ್ವೀಕರಿಸಿ ಸಹಿ ಹಾಕುವವರೆಗೆ ಏಳಬಾರದು. ಟಿವಿಯವರು ಬಂದರೆ ಮಾತನಾಡುವವರು ಇಬ್ಬರೇ ಇರಲಿ. ಮಕ್ಕಳ ಮುಖವನ್ನೂ ಒಬ್ಬಂಟಿ ಹೆಂಗಸರ ಮನೆಯ ಗುರುತನ್ನೂ ತೋರಿಸಬಾರದೆಂದು ಮೊದಲೇ ಹೇಳಿ.

ನೋಟಿಸು ಬಂದಾಗ, ಜೆಸಿಬಿ ಬಂದಾಗ

ನೋಟಿಸನ್ನು ಹರಿಯುವುದು, ತೆಗೆದುಕೊಳ್ಳದೆ ಬಾಗಿಲು ಹಾಕುವುದು, ಎರಡೂ ನಿಮ್ಮನ್ನೇ ಕೆಡಿಸುತ್ತವೆ. ಪಡೆದ ದಿನಾಂಕವನ್ನು ನಿಮ್ಮ ಕೈಯಿಂದಲೇ ಅದರ ಮೇಲೆ ಬರೆದು, ಯಾವ ಕಾಯ್ದೆ, ಯಾವ ಕಲಂ, ಎಷ್ಟು ದಿನದ ಗಡುವು, ಯಾರ ಸಹಿ ಎಂಬ ನಾಲ್ಕನ್ನು ಗುರುತಿಸಿ, ಗಡುವಿಗೆ ಮೊದಲು ಉತ್ತರ ಕೊಡಿ. ಉತ್ತರ ಬರೆಯಲು ವಕೀಲರು ಬೇಕಿದ್ದರೆ 15100 ಉಚಿತ ಕಾನೂನು ನೆರವಿನ ಸಂಖ್ಯೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಸಿಗುತ್ತದೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ.

ಮನೆ ಕೆಡವುವುದರ ಬಗ್ಗೆ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಈಗ ಎಲ್ಲರೂ ಬಾಯಿಪಾಠ ಮಾಡಿದ್ದಾರೆ: ನೋಂದಾಯಿತ ಅಂಚೆಯಲ್ಲಿ 15 ದಿನಗಳ ನೋಟಿಸು, ಖುದ್ದು ಅಹವಾಲು, ಅಂತಿಮ ಆದೇಶದ ಬಳಿಕ ಮತ್ತೆ 15 ದಿನ, ತೆರವಿನ ವಿಡಿಯೊ. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಅಂಚು, ಜಲಮೂಲಗಳಂಥ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳಿಗೂ, ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಕಡೆಗೂ ಈ ನಿರ್ದೇಶನಗಳು ಅನ್ವಯಿಸುವುದಿಲ್ಲವೆಂದು ಅದೇ ತೀರ್ಪು ಹೇಳಿದೆ. ಬೆಂಗಳೂರಿನ ಬಡವರಲ್ಲಿ ಎಷ್ಟು ಮಂದಿ ಇಂಥ ಜಾಗಗಳಲ್ಲೇ ಇದ್ದಾರೆಂದು ಯೋಚಿಸಿದರೆ, ಆ ತೀರ್ಪನ್ನು ಗುರಾಣಿಯೆಂದು ನಂಬಿ ಕೂರುವುದು ಅಪಾಯವೆಂದು ತಿಳಿಯುತ್ತದೆ. ಅಂಥವರಿಗೆ ಓಲ್ಗಾ ಟೆಲಿಸ್ ತೀರ್ಪು ಹೇಳಿದ ಸಹಜ ನ್ಯಾಯದ ಮಾತೇ, ಅಂದರೆ ಕೇಳದೆ ಕೆಡವಬಾರದೆಂಬುದೇ, ವಾದದ ಆಧಾರ.

ಯಂತ್ರ ಬಂದೇಬಿಟ್ಟ ದಿನ, ಒಬ್ಬರು ಆದೇಶದ ಪ್ರತಿ ಕೇಳಬೇಕು, ಒಬ್ಬರು ದೂರದಿಂದ ನಿಲ್ಲಿಸದೆ ವಿಡಿಯೊ ಮಾಡಬೇಕು, ಒಬ್ಬರು ವಕೀಲರಿಗೆ ಫೋನು ಮಾಡಬೇಕು, ಉಳಿದವರು ಮಕ್ಕಳು, ಮುದುಕರು, ಔಷಧಿ, ಕಾಗದದ ಚೀಲ, ಇವನ್ನು ಹೊರಸಾಗಿಸಬೇಕು. ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಮನೆಯ ಪ್ರಕರಣ ಹಿಂದೆ ಸರಿದು ಪೊಲೀಸ್ ಪ್ರಕರಣ ಮುಂದೆ ಬರುತ್ತದೆ. ಸ್ಥಳದಲ್ಲಿ ನಡೆದದ್ದನ್ನು ದಾಖಲಿಸುವ ಮಹಜರಿಗೆ ಸಹಿ ಕೇಳಿದರೆ ಓದಿಸಿಕೊಂಡು, ಒಪ್ಪದಿದ್ದದ್ದನ್ನು ಅದರಲ್ಲೇ ಬರೆದು ಸಹಿ ಹಾಕಿ; "ಸ್ವಇಚ್ಛೆಯಿಂದ ತೆರವು ಮಾಡಿರುತ್ತೇವೆ" ಎಂಬ ಸಾಲಿಗೆ ಸಹಿ ಹಾಕಿ ಕೆಟ್ಟವರಿದ್ದಾರೆ. ನಾಶವಾದ ಸಾಮಾನಿನ ಪಟ್ಟಿಯನ್ನು ಅದೇ ರಾತ್ರಿ ಮಾಡಿ. ಕುಟುಂಬ ಪರಿಶಿಷ್ಟ ಜಾತಿ ಅಥವಾ ಪಂಗಡದ್ದಾಗಿದ್ದು, ಆ ಸಮುದಾಯಕ್ಕೆ ಸೇರದವರು ಅವರನ್ನು ಅಕ್ರಮವಾಗಿ ಮನೆ ಅಥವಾ ನೆಲದಿಂದ ಹೊರಹಾಕಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಂ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿ.

ಬಾಡಿಗೆಯವರ ಪಾಡು

ಬಾಡಿಗೆಯವರಿಗೆ ಸಂಘವಿಲ್ಲ, ಕೇರಿಯಿಲ್ಲ. ಮೂರನೆಯ ಮಹಡಿಯವರಿಗೆ ನೆಲಮಹಡಿಯವರ ಹೆಸರು ಗೊತ್ತಿರುವುದಿಲ್ಲ. ಹನ್ನೊಂದು ತಿಂಗಳ ಕರಾರು ಈ ಊರಿನ ಸಂಪ್ರದಾಯವಾದದ್ದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂಬ ಕಾರಣಕ್ಕೆ. ಹತ್ತು ತಿಂಗಳ ಅಡ್ವಾನ್ಸು ಕೇಳುವ ರೂಢಿಗೆ ಯಾವ ಕಾಯ್ದೆಯ ಆಧಾರವೂ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ, ಆದರೆ ಮಾದರಿಯೆಂದರೆ ಮಾದರಿಯಷ್ಟೇ, ರಾಜ್ಯ ಕಾನೂನು ಮಾಡದೆ ಅದು ಮನೆ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಿದೆ, ನಿಜ. ಅದು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ಈಗ ಆ ಬಾಡಿಗೆಗೆ ಒಂದು ಶೀಟಿನ ಕೋಣೆ ಸಿಕ್ಕರೆ ಪುಣ್ಯ.

ಹಾಗೆಂದು ಬಾಡಿಗೆಯವರು ಬರಿಗೈಯವರಲ್ಲ. ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, 15 ದಿನಗಳ ನೋಟಿಸು ಬೇಕು, ಅದರ ನಂತರವೂ ಬಿಡಿಸಬೇಕಾದದ್ದು ನ್ಯಾಯಾಲಯದ ಮೂಲಕ. ನೀವು ಕೆಲಸಕ್ಕೆ ಹೋದಾಗ ಬೀಗ ಬದಲಿಸಿ ಸಾಮಾನು ಹೊರಗೆಸೆದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಅಲ್ಲಿ ಮನೆಯ ಮಾಲೀಕತ್ವ ಯಾರದೆಂಬುದು ಪ್ರಶ್ನೆಯೇ ಅಲ್ಲ. ಸಾಕ್ಷ್ಯಕ್ಕೆ ಬಾಡಿಗೆಯನ್ನು ನಗದು ಕೊಡದೆ ಬ್ಯಾಂಕಿನ ಮೂಲಕ ಕೊಡಿ, ವಾಟ್ಸಾಪಿನ ಮಾತುಗಳನ್ನು ಅಳಿಸಬೇಡಿ. ಗೃಹಜ್ಯೋತಿಗೆಂದು ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ, ನೀವು ಅಲ್ಲಿ ವಾಸವಿದ್ದದ್ದಕ್ಕೆ ಅದೂ ಒಂದು ಪೂರಕ ದಾಖಲೆ. ಉಚಿತ ವಿದ್ಯುತ್ತಿನ ಯೋಜನೆ ಬಾಡಿಗೆಯವರಿಗೆ ಹೀಗೂ ಒದಗುತ್ತದೆ.

ತಿಂಗಳ ಬಾಡಿಗೆಯ ಬದಲು ಒಟ್ಟು ಹಣ ಕೊಟ್ಟು ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವವರು, ಈಗಿನವರ ಮಾತಿನಲ್ಲಿ ಲೀಸಿಗೆ ಹೋಗುವವರು, ಲಕ್ಷಗಳನ್ನು ಕೊಡುವ ಮೊದಲು ಸ್ವತ್ತಿನ ಮೇಲೆ ನೋಂದಾಯಿತ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರ ತೆಗೆಸಿ ನೋಡಲೇಬೇಕು. ಮಾಲೀಕ ಅದೇ ಮನೆಯ ಮೇಲೆ ಸಾಲ ಮಾಡಿ ಕಂತು ಕಟ್ಟದೆ, ಒಂದು ಬೆಳಗ್ಗೆ ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸುವವರೆಗೆ ವಿಷಯವೇ ತಿಳಿಯದ ಕುಟುಂಬಗಳಿವೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಪದ್ಧತಿ ಕರಾರಿನಲ್ಲಿ ಬರೆದಿದೆಯೇ ಎಂದು ಸೇರುವ ದಿನವೇ ನೋಡಿ, ಮತ್ತು ಅಂದೇ ಗೋಡೆಗಳ, ನಲ್ಲಿಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ. ಒಂದೇ ಕಟ್ಟಡದ ಐದು ಮನೆಯವರು ಸೇರಿ ಒಂದೇ ಪತ್ರದಲ್ಲಿ ನೀರಿನ ವಿಷಯವನ್ನೋ ಬಾಡಿಗೆ ಏರಿಕೆಯನ್ನೋ ಕೇಳಿದರೆ, ಒಬ್ಬರನ್ನು ಹೊರಹಾಕಿ ಉಳಿದವರ ಬಾಯಿ ಮುಚ್ಚಿಸುವ ಉಪಾಯ ನಡೆಯುವುದಿಲ್ಲ.

ತಂಗುದಾಣಗಳಲ್ಲಿ ಇರುವವರಿಗೆ

ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕೆಂಬುದು ಸುಪ್ರೀಂ ಕೋರ್ಟಿನ 2010ರ ಆದೇಶಗಳಿಂದಲೂ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಿಂದಲೂ ಬಂದ ಅಳತೆ. 2011ರ ಗಣತಿಯಲ್ಲಿ ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು, ಆ ಲೆಕ್ಕಕ್ಕೇ 84 ಕೇಂದ್ರಗಳು ಬೇಕಿತ್ತು; ಇರುವುದು ಅದಕ್ಕಿಂತ ಬಹಳ ಕಡಿಮೆ. ನಿಮ್ಮ ಪಾಲಿಕೆಯಲ್ಲಿ ಎಷ್ಟಿವೆ, ಹೆಂಗಸರಿಗೆ ಪ್ರತ್ಯೇಕ ಎಷ್ಟು, ಕುಟುಂಬಗಳಿಗೆ ಎಷ್ಟು ಎಂದು ಮಾಹಿತಿ ಹಕ್ಕಿನಡಿ ಕೇಳುವುದು ಒಳ್ಳೆಯ ಮೊದಲ ಹೆಜ್ಜೆ. ಕೇಂದ್ರದಲ್ಲಿ ಶೌಚಾಲಯ ಕೆಟ್ಟರೆ, ಜಾಗವಿಲ್ಲವೆಂದು ಕಳಿಸಿದರೆ, ಅಲ್ಲಿನ ಹಾಜರಿ ಪುಸ್ತಕದ ದಿನಾಂಕದೊಂದಿಗೆ ಬರೆದುಕೊಡಿ. ದೂರು ಕೊಟ್ಟರೆ ರಾತ್ರಿ ಒಳಗೆ ಬಿಡುವುದಿಲ್ಲವೆಂಬ ಭಯ ನಿಜವಾದದ್ದು, ಆದ್ದರಿಂದ ಇಲ್ಲಿ ಮಾತ್ರ ಸಹಿಯನ್ನು ಹೊರಗಿನ ಬೆಂಬಲಿಗರು ಹಾಕುವುದು ತಪ್ಪಲ್ಲವೆಂದು ನನ್ನ ಅಭಿಪ್ರಾಯ.

ಪರ್ಯಾಯ ಮನೆ ತೋರಿಸಿದಾಗ

ಹೋರಾಟದ ಅತ್ಯಂತ ನಾಜೂಕಿನ ಘಟ್ಟ ಇದು, ಮತ್ತು ಜನ ಅತಿ ಹೆಚ್ಚು ಎಡವುವುದೂ ಇಲ್ಲಿಯೇ. ಕೋರಮಂಗಲದ ಈಜಿಪುರದಲ್ಲಿ ಪಾಲಿಕೆಯ ಬಡವರ ವಸತಿಗೃಹಗಳ ಜಾಗದಿಂದ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ತೆರವು ಮಾಡಿದಾಗ, ದೂರದ ಸರ್ಜಾಪುರ ರಸ್ತೆಯ ಸೂಲಿಕುಂಟೆಯ ಕಡೆಗೆ ಮನೆಗಳ ಮಾತು ಬಂತು. ಅನೇಕರು ಅಲ್ಲಿಗೆ ಹೋಗದೆ, ಕೆಡವಿದ ಜಾಗದ ಬೇಲಿಗೆ ಒರಗಿಕೊಂಡೇ ಪಾದಚಾರಿ ಮಾರ್ಗದಲ್ಲಿ ವರ್ಷಗಟ್ಟಲೆ ಉಳಿದರು. ಕೋರಮಂಗಲದ ಮನೆಗಳಲ್ಲಿ ಬೆಳಗ್ಗೆ ಆರೂವರೆಗೆ ಕೆಲಸಕ್ಕೆ ನಿಲ್ಲಬೇಕಾದ ಹೆಂಗಸು ಅಷ್ಟು ದೂರದಿಂದ ಬರಲು ಎಷ್ಟು ಗಂಟೆಗೆ ಏಳಬೇಕೆಂದು ಲೆಕ್ಕ ಹಾಕಿದರೆ, ಅವರು ಏಕೆ ಉಳಿದರೆಂದು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಹಾಗಾಗಿ ಮನೆ ತೋರಿಸುತ್ತೇವೆಂದರೆ ಬೇಡವೆಂದೂ ಹೇಳಬೇಡಿ, ಕೀಲಿಗೂ ಕೈಚಾಚಬೇಡಿ. ಮೊದಲು ಕೆಲಸದ ದಿನವೊಂದರಂದು, ಬೆಳಗಿನ ಹೊತ್ತು, ನಾಲ್ಕಾರು ಮಂದಿ ಬಸ್ಸಿನಲ್ಲೇ ಹೋಗಿ ನೋಡಿಕೊಂಡು ಬನ್ನಿ. ಇಲಾಖೆಯ ಜೀಪಿನಲ್ಲಿ ಹೋದರೆ ದೂರ ಗೊತ್ತಾಗುವುದಿಲ್ಲ. ಹತ್ತಿರದ ಸರ್ಕಾರಿ ಶಾಲೆ ಯಾವುದು, ಅಲ್ಲಿ ಯಾವ ತರಗತಿಯವರೆಗೆ ಇದೆ, ನ್ಯಾಯಬೆಲೆ ಅಂಗಡಿ ಎಲ್ಲಿ, ಕಾವೇರಿ ನೀರು ಬರುತ್ತದೆಯೋ ಟ್ಯಾಂಕರೋ, ಮೂರನೆಯ ಮಹಡಿಗೆ ನೀರು ಏರುತ್ತದೆಯೇ ಎಂದು ಈಗಾಗಲೇ ಅಲ್ಲಿ ಇರುವವರನ್ನೇ ಕೇಳಿ. ನಲ್ಲಿ ತಿರುಗಿಸಿ ನೋಡಿ. ಮರಳಿ ಬಂದು ಬರವಣಿಗೆಯಲ್ಲಿ ಕೇಳಬೇಕಾದದ್ದು ಇವು: ಫಲಾನುಭವಿ ವಂತಿಗೆ (ಮನೆ ಪಡೆಯುವವರು ಕಟ್ಟುವ ಪಾಲು) ಒಟ್ಟು ಎಷ್ಟು, ಎಷ್ಟು ಕಂತು, ರಸೀದಿ ಯಾರ ಹೆಸರಿಗೆ, ಕೊಡುವುದು ಬರೀ ಹಂಚಿಕೆ ಪತ್ರವೋ ಹಕ್ಕುಪತ್ರವೋ ನೋಂದಾಯಿತ ಕ್ರಯಪತ್ರವೋ, ಅದರಲ್ಲಿ ಮನೆಯ ಹೆಂಗಸಿನ ಹೆಸರಿದೆಯೇ, ಈಗಿನ ಮನೆಗೂ ಹೊಸ ಮನೆಗೂ ನಡುವೆ ತಾತ್ಕಾಲಿಕ ಶೆಡ್ಡೋ ಬಾಡಿಗೆ ಹಣವೋ, ಎಷ್ಟು ತಿಂಗಳಿಗೆ. ಒಂದೇ ಸೂರಿನಡಿ ಇದ್ದ ಮದುವೆಯಾದ ಇಬ್ಬರು ಮಕ್ಕಳನ್ನು ಸಮೀಕ್ಷೆಯಲ್ಲಿ ಒಂದೇ ಕುಟುಂಬವೆಂದು ಬರೆದಿದ್ದರೆ, ಪಟ್ಟಿ ಪ್ರಕಟವಾದ ದಿನವೇ ಆಕ್ಷೇಪಣೆ ಕೊಡಿ. ಪಟ್ಟಿಯನ್ನು ಕೇರಿಯಲ್ಲೇ ಅಂಟಿಸಬೇಕೆಂದು ಮೊದಲ ಮನವಿಯಲ್ಲೇ ಕೋರಿರಬೇಕು, ಇಲ್ಲದಿದ್ದರೆ ಅದು ಕಚೇರಿಯ ಸೂಚನಾ ಫಲಕದಲ್ಲಿ ಹಳೆಯ ಟೆಂಡರುಗಳ ಕೆಳಗೆ ಸೇರಿರುತ್ತದೆ. ಪ್ರತಿ ಉತ್ತರದ ಮೇಲೂ ಸಹಿ, ಹುದ್ದೆ, ದಿನಾಂಕ ಮೂರೂ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಂಡು, ಕೀಲಿಯನ್ನು ಆಮೇಲೆ ಪಡೆಯಿರಿ.